ಕಡ್ಡಿ, ಸ್ಕ್ರೂ, ಲಿವರ್: ಬಿಗಿದ ದವಡೆಗೆ ಯಾವುದು?

ಬಿಗಿದ ಬಾಯಿ ತೆರೆಸುವ ಈ ಮೂರು ಸಾಧನಗಳನ್ನೂ ಬಳಸಿ ನೋಡಿದ್ದೇನೆ. ದುಡ್ಡಿದ್ದರೆ ಲಿವರ್, ಇಲ್ಲದಿದ್ದರೆ ಕಡ್ಡಿ. ಸ್ಕ್ರೂ ಮಾತ್ರ ಒಬ್ಬರೇ ಕೂತು ಬಳಸಬೇಡಿ.

ಕೆನ್ನೆಗೆ ರೇಡಿಯೇಶನ್ ಆದ ಮೇಲೆ ನನ್ನ ಬಾಯಿಗೆ ಎರಡು ಬೆರಳೂ ಸರಿಯಾಗಿ ಹೋಗುತ್ತಿರಲಿಲ್ಲ. ಮಸಾಲೆ ದೋಸೆ ಬಿಡಿ, ತಟ್ಟೆ ಇಡ್ಲಿಯನ್ನೂ ಚೂರು ಚೂರು ಮಾಡಿ ತುರುಕಬೇಕಿತ್ತು. ಸಾಮಾನ್ಯವಾಗಿ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು. ಮುಂದಿನ ಹಲ್ಲುಗಳ ನಡುವೆ 35 ಮಿ.ಮೀ.ಗಿಂತ ಕಡಿಮೆ ತೆರೆದರೆ ಡಾಕ್ಟರ್‌ಗಳು ಟ್ರಿಸ್ಮಸ್ ಅಂತಾರೆ. ಬೆಂಗಳೂರಿನ ಫಿಸಿಯೋ ಕೋಣೆಗಳ ಹೊರಗೆ ಗುಟ್ಕಾ, ಅಡಿಕೆ ಜಗಿದು ಬಾಯಿ ಬಿಗಿದವರೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ.

ಮೊದಲು ಕೊಟ್ಟಿದ್ದು ಕಡ್ಡಿ. ಐಸ್‌ಕ್ರೀಂ ಕಡ್ಡಿಯಂಥದ್ದೇ. ಚಿಕ್ಕಪೇಟೆಯಲ್ಲಿ ಒಂದು ಕಟ್ಟು ಬಲು ಅಗ್ಗ. ಹಿಡಿಸುವಷ್ಟು ಜೋಡಿಸಿ ಹಲ್ಲಿನ ನಡುವೆ ಇಡುವುದು, ನಿಧಾನವಾಗಿ ಮಧ್ಯೆ ಇನ್ನೊಂದು ತೂರಿಸುವುದು. ಇದರ ಸುಖ ಏನೆಂದರೆ, ಪ್ರಗತಿ ಎಣಿಸಬಹುದು: ಒಂದು ಕಡ್ಡಿ ಜಾಸ್ತಿ ಹೋದರೆ ಆವತ್ತು ಹಬ್ಬ. ಆದರೆ ಬಾಯಿ ತುಂಬ ಎಂಜಲು, ತುಟಿಯಂಚು ಉರಿ. ಭಾರವೆಲ್ಲ ಕಡ್ಡಿ ತಾಗುವ ಹಲ್ಲುಗಳ ಮೇಲೇ.

ಸ್ಕ್ರೂ ಅಂದರೆ ತುದಿ ಚೂಪಾದ, ಬುಡ ದಪ್ಪವಾದ ತುಂಡು. ತಿರುಗಿಸಿದಂತೆ ಹಲ್ಲುಗಳು ದೂರ ಸರಿಯುತ್ತವೆ. ಬೇಗ ತೆರೆಯುತ್ತದೆ, ನಿಜ. ಅದೇ ಭಯ. ಬಲ ಎರಡು ಮೂರು ಹಲ್ಲಿನ ಮೇಲೆ ಕೂರುತ್ತದೆ, ನೋವಾದರೆ ಹಿಂದಕ್ಕೆ ತಿರುಗಿಸುವವರೆಗೂ ಬಿಡುವುದಿಲ್ಲ. ರೇಡಿಯೇಶನ್ ಆದ ದವಡೆಯಲ್ಲಿ ಹಲ್ಲು ಸಡಿಲವಾಗಿ ಕೀಳಿಸಬೇಕಾದರೆ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯ ಇದೆ. ಅಷ್ಟು ಸಾಕಾಯಿತು, ಎತ್ತಿಟ್ಟೆ.

ಲಿವರ್ ಅಂದರೆ ಥೆರಾಬೈಟ್. ಮಗ ತರಿಸಿಕೊಟ್ಟ. ಬೆಲೆ ಕೇಳಿ ಮನೆಯವಳು ಎರಡು ದಿನ ಮಾತಾಡಲಿಲ್ಲ. ಮೇಲಿನ ಕೆಳಗಿನ ಹಲ್ಲಿಗೆ ಮೆತ್ತನೆ ಪ್ಯಾಡಿರುವ ಎರಡು ತಟ್ಟೆ, ಕೈಗೆ ಒಂದು ಹಿಡಿಕೆ. ಹಿಸುಕಿದರೆ ತೆರೆಯುತ್ತದೆ, ಬಿಟ್ಟರೆ ಆ ಕ್ಷಣವೇ ಸಡಿಲ. ನನಗೆ ಇದೇ ದೊಡ್ಡದು. ಇನ್ನೊಂದಿದೆ. ದವಡೆ ಬಾಗಿಲಿನ ಹಾಗೆ ಬರೀ ತಿರುಗುವುದಿಲ್ಲ. ಮೊದಲು ತಿರುಗಿ, ಆಮೇಲೆ ಕೀಲಿನಲ್ಲಿ ಮುಂದಕ್ಕೂ ಜಾರುತ್ತದೆ. ಈ ಸಾಧನ ಅದೇ ಬಾಗಿದ ದಾರಿಯಲ್ಲಿ ತೆರೆಯುವಂತೆ ಮಾಡಿದ್ದಾರೆ. ಹಾಗಾಗಿ ಕಡ್ಡಿಯಲ್ಲಿ ಕಿವಿಯ ಮುಂದೆ ಚುಚ್ಚುತ್ತಿದ್ದ ನೋವು ಇದರಲ್ಲಿ ಕಡಿಮೆ. ಫಿಸಿಯೋ ಹೇಳಿದ ಲೆಕ್ಕ 7-7-7: ದಿನಕ್ಕೆ 7 ಸಲ, ಸಲಕ್ಕೆ 7 ಬಾರಿ ಹಿಗ್ಗಿಸಿ, 7 ಸೆಕೆಂಡು ಹಿಡಿಯುವುದು. ಆಫೀಸಿಗೆ ಹೋಗುವವರಿಗೆ ಇದು ಸುಲಭ ಅಲ್ಲ, ಆದರೂ ಕಡ್ಡಿ ಜೋಡಿಸುತ್ತ ಕೂರುವುದಕ್ಕಿಂತ ಎಷ್ಟೋ ವಾಸಿ.

1993ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ರೇಡಿಯೇಶನ್ ಆದವರಲ್ಲಿ ಇದನ್ನೇ ಹೋಲಿಸಿತ್ತು. 10 ವಾರಕ್ಕೆ ಥೆರಾಬೈಟ್ ಗುಂಪಿಗೆ ಸರಾಸರಿ 13.6 ಮಿ.ಮೀ. ಲಾಭ, ಬರೀ ವ್ಯಾಯಾಮಕ್ಕೆ 6, ವ್ಯಾಯಾಮದ ಜೊತೆ ಕಡ್ಡಿಗೆ 4.4. ಇದ್ದದ್ದು 21 ಜನ ಮಾತ್ರ, ಅದಕ್ಕೇ ನಾನು ಕಡ್ಡಿಯನ್ನು ಬಯ್ಯಲಾರೆ.

ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಈಗಲೂ ಕಡ್ಡಿಯೇ ಇರುತ್ತದೆ. ಯಾವುದು ತಗೊಂಡರೂ ಮೊದಲ ಸಲ ಫಿಸಿಯೋ ಎದುರಿಗೇ ಮಾಡಿ. ರೇಡಿಯೇಶನ್ ಆಗಿದ್ದರೆ ಹಲ್ಲು ಗಟ್ಟಿ ಇದೆಯಾ ಅಂತ ದಂತವೈದ್ಯರಿಗೂ ತೋರಿಸಿಕೊಳ್ಳಿ.