ಮೂರು ವರ್ಷ ಬಳಸಿದ ವೈಫೈ ಎಕ್ಸ್‌ಟೆಂಡರ್: ಕಲ್ಲಿನ ಗೋಡೆಯ ಮನೆಯವರು ಒಮ್ಮೆ ಓದಿ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಅಜ್ಜನ ಕಾಲದ ಮನೆ. ನೆಲಕ್ಕೆ ಶಹಾಬಾದ್ ಫರ್ಸಿ, ಗೋಡೆ ಒಂದೂವರೆ ಮೊಳ ದಪ್ಪದ ಕಲ್ಲು. ಬೇಸಿಗೆಯಲ್ಲಿ ತಂಪಾಗಿರುತ್ತದೆ, ಆದರೆ ವೈಫೈ ದಾಟುವುದಿಲ್ಲ. ರೂಟರ್ ಮುಂದಿನ ಪಡಸಾಲೆಯಲ್ಲಿದೆ, ಟಿವಿ ಹಿಂದಿನ ಕೋಣೆಯಲ್ಲಿ. ನಡುವೆ ಅಂಥ ಎರಡು ಗೋಡೆ. ಅದಕ್ಕೇ ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಈ ಎಕ್ಸ್‌ಟೆಂಡರ್ ತಂದೆ. ಡಬ್ಬಿಯ ಮೇಲೆ 1200 ಎಂದು ದೊಡ್ಡದಾಗಿ ಬರೆದಿತ್ತು.

ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಎಂಬ ಉಚಿತ ಪ್ರೋಗ್ರಾಮ್ ಹಾಕಿ ಮೀಡಿಯಾ ಸರ್ವರ್ ಮಾಡಿಕೊಂಡಿದ್ದೆ, ಅಂದರೆ ಅದರಲ್ಲಿಟ್ಟ ವಿಡಿಯೋಗಳನ್ನು ಟಿವಿಯಲ್ಲಿ ನೋಡಬಹುದು. ತಂಗಿಯ ಮದುವೆ ವಿಡಿಯೋ, ಅಪ್ಪ ಕ್ಯಾಸೆಟ್ಟಿನಲ್ಲಿ ಇಟ್ಟಿದ್ದ ಹಳೇ ರೆಕಾರ್ಡಿಂಗು, ಎಲ್ಲ ಅದರಲ್ಲಿವೆ. ಮೊದಲ ದಿನವೇ ಮದುವೆ ವಿಡಿಯೋ ಹಚ್ಚಿದೆವು. ಅಕ್ಷತೆ ಹಾಕುವ ಹೊತ್ತಿಗೆ ಚಿತ್ರ ನಿಂತಿತು. ಅವ್ವ, "ಮತ್ತ ಗರಗರ ತಿರಗಲಕತ್ತದ ನೋಡೋ ತಮ್ಮಾ" ಎಂದಳು. ಆ ಮಾತನ್ನು ಐದಾರು ತಿಂಗಳು ಕೇಳಿದೆ.

ಇಂಟರ್ನೆಟ್ ನಿಧಾನ ಇರಬೇಕು ಅಂದುಕೊಂಡು 40 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಪ್ಲಾನನ್ನು 100ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ, ಯಾಕೆಂದರೆ ಮನೆಯ ಸರ್ವರಿನಿಂದ ಮನೆಯ ಟಿವಿಗೆ ಹೋಗುವ ಫೈಲು ಹೊರಗೆ ಹೋಗುವುದೇ ಇಲ್ಲ ಅಲ್ವಾ? ಇದೇ ತೊಂದರೆ ಇದ್ದವರು ದಯವಿಟ್ಟು ಪ್ಲಾನಿಗೆ ದುಡ್ಡು ಹಾಕಬೇಡಿ, ಮೊದಲು ಮನೆಯೊಳಗಿನ ವೇಗ ಅಳೆಯಿರಿ.

ನಾನು ಅಳೆದದ್ದು ಐಪರ್ಫ್3 ಎಂಬ ಉಚಿತ ಪ್ರೋಗ್ರಾಮಿನಿಂದ. ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಿ, ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದೆ. ಪಡಸಾಲೆಯಲ್ಲಿ 180 ಎಂಬಿಪಿಎಸ್ ಆಸುಪಾಸು. ಟಿವಿ ಮುಂದೆ 11. ಕಾರಣ ಆಮೇಲೆ ಅರ್ಥವಾಯಿತು. ಲ್ಯಾಪ್‌ಟಾಪಿನಿಂದ ರೂಟರಿಗೆ ಒಂದು ಸಲ, ರೂಟರಿನಿಂದ ಎಕ್ಸ್‌ಟೆಂಡರಿಗೆ ಒಂದು ಸಲ, ಅಲ್ಲಿಂದ ಟಿವಿಗೆ ಇನ್ನೊಂದು ಸಲ, ಹೀಗೆ ಅದೇ ಡೇಟಾ ಮೂರು ಸಲ ಗಾಳಿಯಲ್ಲಿ ಹೋಗುತ್ತಿತ್ತು, ಅದೂ ಒಂದೇ ಚಾನೆಲ್ಲಿನಲ್ಲಿ, ಅಂದರೆ ವೈಫೈಯ ಒಂದೇ ದಾರಿಯಲ್ಲಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ನೆ ಕಾಯಬೇಕು. ಇನ್ನು ಡಬ್ಬಿಯ ಮೇಲಿನ 1200 ಅಂದರೆ ವೈಫೈಯ ಎರಡು ತರಂಗಪಟ್ಟಿಗಳ ವೇಗ, 2.4 ಗಿಗಾಹರ್ಟ್ಸಿನ 300, 5 ಗಿಗಾಹರ್ಟ್ಸಿನ 867, ಎರಡನ್ನೂ ಕೂಡಿಸಿ ಸುಮಾರಾಗಿ ಬರೆದ ಲೆಕ್ಕ. ಯಾವ ಒಂದು ಟಿವಿಗೂ ಅಷ್ಟು ಸಿಗುವುದಿಲ್ಲ.

ನನ್ನ ದೊಡ್ಡ ತಪ್ಪು ಎಂದರೆ ಎಕ್ಸ್‌ಟೆಂಡರನ್ನು ಟಿವಿ ಪಕ್ಕದ ಸಾಕೆಟ್ಟಿಗೇ ಹಾಕಿದ್ದು. ಟಿವಿಯಲ್ಲಿ ಸಿಗ್ನಲ್ ಪೂರ್ತಿ ತೋರಿಸುತ್ತಿತ್ತು, ಆದರೆ ಎಕ್ಸ್‌ಟೆಂಡರಿಗೇ ರೂಟರಿನ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ನಡುಮನೆಯ ಬಾಗಿಲ ಹತ್ತಿರ, ರೂಟರ್ ಕಣ್ಣಿಗೆ ಕಾಣುವ ಜಾಗಕ್ಕೆ ಸರಿಸಿದೆ. ಲ್ಯಾಪ್‌ಟಾಪನ್ನು ವೈರಿನಿಂದ ರೂಟರಿಗೆ ಸೇರಿಸಿದೆ. ಅಕ್ಕಪಕ್ಕದ ಮನೆಯವರೆಲ್ಲ 6ನೇ ಚಾನೆಲ್ಲಿನಲ್ಲಿದ್ದರು, ನಾನು 11ಕ್ಕೆ ಬದಲಾಯಿಸಿದೆ (2.4ರಲ್ಲಿ 1, 6, 11 ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ). ಇಷ್ಟರಲ್ಲೇ 11 ಇದ್ದದ್ದು 38 ಆಯಿತು.

ಜೆಲ್ಲಿಫಿನ್ ಡ್ಯಾಶ್‌ಬೋರ್ಡನ್ನೂ ತೆಗೆದು ನೋಡಿ. ಗುಣಮಟ್ಟ ಆಟೋದಲ್ಲಿದ್ದರೆ, ಲೈನು ನಿಧಾನ ಅನಿಸಿದ ಕೂಡಲೇ ಟಿವಿ ಸಣ್ಣ ಫೈಲ್ ಕೇಳುತ್ತದೆ, ಆಗ ಸರ್ವರ್ ವಿಡಿಯೋವನ್ನು ನಿಂತಲ್ಲೇ ಬದಲಾಯಿಸಿ ಕಳಿಸಬೇಕು. ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಬಳಕೆ ಶೇಕಡಾ 100 ಮುಟ್ಟಿ ಫ್ಯಾನ್ ಹೊಯ್ದುಕೊಳ್ಳುತ್ತಿತ್ತು. ಲೈನು ಸರಿಯಾದ ಮೇಲೆ ಫೈಲು ಇದ್ದಹಾಗೇ ಹೋಗುತ್ತದೆ, ಫ್ಯಾನ್ ಸದ್ದೇ ಇಲ್ಲ.

ಪೂರ್ತಿ ಸಮಾಧಾನ ಸಿಕ್ಕಿದ್ದು ಎರಡನೇ ವರ್ಷ, ಕೇಬಲ್ ಎಳೆಸಿದ ಮೇಲೆ. ಕಲ್ಲಿಗೆ ತೂತು ಹಾಕಲು ಅಪ್ಪ ಒಪ್ಪಲಿಲ್ಲ, ಅವರ ಮಾತು ಸರಿಯಾಗಿತ್ತು. ಗವಾಕ್ಷಿಯಿಂದ ಹೊರಗೆ ತೆಗೆದು, ಮಾಳಿಗೆಯ ಅಂಚಿನಲ್ಲಿ ಪೈಪಿನೊಳಗೆ ಹಾಯಿಸಿ, 25 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಹಿಂದಿನ ಕೋಣೆಗೆ ಇಳಿಸಿದೆವು. ಅದೇ ಎಕ್ಸ್‌ಟೆಂಡರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ವೈರಿನಿಂದ ಬಂದದ್ದನ್ನು ವೈಫೈ ಆಗಿ ಹಂಚುವ ರೀತಿ) ಹಾಕಿ ಅಲ್ಲಿಟ್ಟೆ. 94 ಬಂತು, ಅಲುಗಾಡದೆ. ಅದಕ್ಕಿಂತ ಮೇಲೆ ಹೋಗಲ್ಲ, ಯಾಕೆಂದರೆ ಇದರಲ್ಲಿ ಕೇಬಲ್ ಚುಚ್ಚುವ ಪೋರ್ಟ್ 100 ಎಂಬಿಪಿಎಸ್‌ನದ್ದು. ಕ್ಯಾಮೆರಾದವರು ಕೊಟ್ಟ ಮದುವೆಯ 4ಕೆ ಫೈಲು ಸೆಕೆಂಡಿಗೆ 100 ಮೆಗಾಬಿಟ್, ಹಾಗಾಗಿ ಅದೊಂದು ಆಗಲೂ ತಡೆಯುತ್ತಿತ್ತು. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿಸಿ ವಿಡಿಯೋವನ್ನು ಚಿಕ್ಕದಾಗಿಸುವ ಎಚ್.265 ವಿಧಾನದಲ್ಲಿ 20ರ ಆಸುಪಾಸಿಗೆ ಇಳಿಸಿದೆ. ಮೂಲ ಫೈಲು ಬೇರೆ ಡಿಸ್ಕಿನಲ್ಲಿ ಜೋಪಾನವಾಗಿದೆ.

ಎರಡು ದೂರು ಉಳಿದಿವೆ. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ಆದಾಗ ಪಡುವಣ ಗೋಡೆಯ ಸಾಕೆಟ್ಟಿನಲ್ಲಿ ಇದು ಕೈ ಇಡಲಾಗದಷ್ಟು ಕಾಯ್ದು, ಮಧ್ಯಾಹ್ನ ಪದೇಪದೇ ಕಡಿದುಹೋಗುತ್ತಿತ್ತು. ಒಳಗೋಡೆಗೆ ಬದಲಾಯಿಸಿದ ಮೇಲೆ ಹಾಗಾಗಿಲ್ಲ. ಇನ್ನೊಂದು, ವೈರಿಲ್ಲದೆ ಬಳಸುವಾಗ ಕರೆಂಟ್ ಹೋಗಿ ಬಂದರೆ ಇದು ರೂಟರಿಗಿಂತ ಮೊದಲು ಎದ್ದು, ಸಿಗ್ನಲ್ ಸಿಗದೆ ಕೆಂಪು ದೀಪ ಹಚ್ಚಿಕೊಂಡು ಅಲ್ಲೇ ನಿಂತುಬಿಡುತ್ತಿತ್ತು, ಕೈಯಾರೆ ಆಫ್ ಮಾಡಿ ಆನ್ ಮಾಡಬೇಕು.

ವೈರಿಲ್ಲದೆ ಬಳಸುವವರಿಗೆ ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಕೇಬಲ್ ಹಾಕಿ ಬಳಸುವವರಿಗೆ ನಾಲ್ಕು. ಹೊಸದು ಕೊಳ್ಳುವವರು ಡಬ್ಬಿಯ ಹಿಂದೆ ಗಿಗಾಬಿಟ್ ಪೋರ್ಟ್ (1000 ಎಂಬಿಪಿಎಸ್‌ನದ್ದು) ಎಂದು ಬರೆದಿದೆಯೋ ಇಲ್ಲವೋ ನೋಡಿಯೇ ದುಡ್ಡು ಕೊಡಿ. ಇಂಟರ್ನೆಟ್ ಪ್ಲಾನನ್ನು ನಾನು ಮತ್ತೆ 40ಕ್ಕೆ ಇಳಿಸಿದ್ದೇನೆ, ಟಿವಿ ಒಮ್ಮೆಯೂ ನಿಂತಿಲ್ಲ.