ಸೊಂಟ ಮುರಿದ ಕೇಸು: ಕೈಬರಹ, ಟಿಕ್ ಫಾರಂ, ಆ್ಯಪ್ ಮೂರನ್ನೂ ಬಳಸಿ ನೋಡಿದೆ

ಮಳೆಗಾಲ ಬಂತೆಂದರೆ ಶಿರಸಿ ಕಡೆ ಅಂಗಳದ ತುಂಬ ಪಾಚಿ. ಅಜ್ಜಿಯಂದಿರು ಜಾರಿ ಬೀಳುತ್ತಾರೆ. ಕರೆತಂದವರು "ಸೊಂಟ ಮುರಿದಿದೆ" ಅನ್ನುತ್ತಾರೆ. ಎಕ್ಸ್‌ರೇ ತೆಗೆದರೆ ಮುರಿದಿರುವುದು ಹೆಚ್ಚಾಗಿ ತೊಡೆಮೂಳೆಯ ಮೇಲ್ತುದಿ. ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಫೈಲುಗಳಿಗೆ ಐಸಿಡಿ-10 ಕೋಡ್, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಗುರುತು ಸಂಖ್ಯೆ ಹಾಕುವವಳು. ಡಾಕ್ಟರ ಕೈಬರಹ, ಟಿಕ್ ಹಾಕುವ ಫಾರಂ, ಮಾತನ್ನು ಟೈಪ್ ಮಾಡಿಕೊಡುವ ಆ್ಯಪ್, ಈ ಮೂರರಿಂದಲೂ ಕೆಲಸ ಮಾಡಿದ್ದೇನೆ.

ಕೈಬರಹದಲ್ಲಿ ಅಕ್ಷರದ ತೊಂದರೆ ದೊಡ್ಡದಲ್ಲ, ಕಣ್ಣಿಗೆ ಅಭ್ಯಾಸವಾಗುತ್ತದೆ. ಬಿಟ್ಟುಹೋದ ಪದದ್ದೇ ತೊಂದರೆ. ಬರೀ "ಹಿಪ್ ಫ್ರ್ಯಾಕ್ಚರ್" ಅಂತ ಬರೆದರೆ ಕೋಡ್ ಎಸ್72.0ಕ್ಕೆ, ಅಂದರೆ ತೊಡೆಮೂಳೆಯ ಕುತ್ತಿಗೆಗೆ ಹೋಗುತ್ತದೆ. ನಿಜವಾಗಿ ಮುರಿದದ್ದು ಅದರ ಕೆಳಗೆ, ಇಂಟರ್‌ಟ್ರೋಕ್ಯಾಂಟರಿಕ್ ಜಾಗದಲ್ಲಾದರೆ ಎಸ್72.1 ಆಗಬೇಕು. ಇನ್ನೂ ಕೆಳಗಿನ ಸಬ್‌ಟ್ರೋಕ್ಯಾಂಟರಿಕ್‌ಗೆ ಎಸ್72.2. ಆಪರೇಷನ್ನೂ ಬೇರೆ. ಕುತ್ತಿಗೆ ಮುರಿದು ಜರುಗಿದ್ದರೆ ವಯಸ್ಸಾದವರಿಗೆ ಸಾಮಾನ್ಯವಾಗಿ ಕೀಲಿನ ಚೆಂಡನ್ನೇ ಬದಲಿಸುತ್ತಾರೆ. ಕೆಳಗಾದರೆ ರಾಡ್ ಅಥವಾ ಪ್ಲೇಟು. ಕೋಡ್ ಒಂದು, ಆಪರೇಷನ್ ಇನ್ನೊಂದು ಆದರೆ ವಿಮೆಯವರು ಸುಮ್ನೆ ಬಿಡುತ್ತಾರಾ? ಅಲೆಯುವುದು ಅಜ್ಜಿಯ ಮನೆಯವರು.

ಟಿಕ್ ಫಾರಂನಲ್ಲಿ ಈ ಕಷ್ಟವಿಲ್ಲ. ಎಡವೋ ಬಲವೋ, ಮೂರು ಜಾಗಗಳಲ್ಲಿ ಯಾವುದು, ಮೂಳೆ ಜರುಗಿದೆಯಾ, ಚರ್ಮ ಒಡೆದು ಗಾಯ ಒಳಗೆ ಹೋಗಿದೆಯಾ, ಎಲ್ಲಕ್ಕೂ ಚೌಕವಿದೆ. ಕೊನೆಯ ಚೌಕ ನನಗೆ ಬಹಳ ಮುಖ್ಯ. ಆಪರೇಷನ್ ನೋಟಿನಲ್ಲಿರುವ "ಓಪನ್ ರಿಡಕ್ಷನ್" ಅಂದರೆ ಕೊಯ್ದು ಮೂಳೆ ಕೂಡಿಸಿದ್ದು. ಅದು ಚರ್ಮ ಒಡೆದ ಓಪನ್ ಫ್ರ್ಯಾಕ್ಚರ್ ಅಲ್ಲ. ಹೊಸಬರು ಇಲ್ಲೇ ತಪ್ಪುತ್ತಾರೆ.

ಆದರೆ ನಮ್ಮ ಫಾರಂನಲ್ಲಿ ಆಸ್ಟಿಯೋಪೊರೋಸಿಸ್‌ಗೆ, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆಗೆ, ಜಾಗವೇ ಇರಲಿಲ್ಲ. ನಿಂತಲ್ಲೇ ಜಾರಿ ಬಿದ್ದು ತೊಡೆಮೂಳೆ ಮುರಿಯಿತು ಅಂದರೆ ಮೂಳೆ ಮೊದಲೇ ಟೊಳ್ಳಾಗಿರಬಹುದು, ಅಲ್ವಾ? ಡಾಕ್ಟರು ಹಾಗೆ ಬರೆದರೆ ಎಂ80 ಕೋಡ್ ಬರುತ್ತದೆ. ಎಷ್ಟೇ ಅನುಮಾನವಿದ್ದರೂ ನಾನಾಗಿ ಅದನ್ನು ಸೇರಿಸುವ ಹಾಗಿಲ್ಲ, ಡಾಕ್ಟರನ್ನೇ ಕೇಳಬೇಕು. ಆ ಒಂದು ಸಾಲು ಫೈಲಿನಲ್ಲಿದ್ದರೆ ಮುಂದಿನ ಸಲ ನೋಡುವವರಿಗೆ ಮೂಳೆಯ ಔಷಧಿ ನೆನಪಾಗುತ್ತದೆ. ಇಲ್ಲದಿದ್ದರೆ ಇನ್ನೊಂದು ಕಾಲಿನ ಸರದಿ ಬರಬಹುದು. ಈ ವಿಷಯದಲ್ಲಿ ಕೈಬರಹವೇ ಮೇಲು. "ಬಚ್ಚಲಿನಲ್ಲಿ ಜಾರಿದ್ದು, ಹಿಂದೆ ಮಣಿಕಟ್ಟೂ ಮುರಿದಿತ್ತು" ಅಂತ ಒಬ್ಬರು ಡಾಕ್ಟರು ಬರೆದಿದ್ದರು. ಅದನ್ನು ಓದಿದ್ದಕ್ಕೇ ನಾನು ಹೋಗಿ ಕೇಳಿದೆ.

ಆ್ಯಪ್ ಬಹಳ ಬೇಗ ಮುಗಿಸುತ್ತದೆ, ನಿಜ. ಆದರೆ ತಗಡಿನ ಮೇಲೆ ಮಳೆ ಹೊಡೆಯುವಾಗ "ಇಂಟರ್" ಹೋಗಿ "ಸಬ್" ಆಗಿತ್ತು. ಪ್ರತಿ ಸಾಲನ್ನೂ ಎಕ್ಸ್‌ರೇ ವರದಿಗೆ ಹಿಡಿದು ನೋಡಬೇಕು. ಆ್ಯಪ್‌ನಿಂದ ಉಳಿಸಿದ ಸಮಯ ಅಲ್ಲೇ ಹೋಯಿತು. ಈ ಕೇಸುಗಳಿಗೆ ನಾನು ಅದನ್ನು ಬಿಟ್ಟೆ.

ನನ್ನ ಆಯ್ಕೆ ಫಾರಂ. ಈ ಮಳೆಗಾಲ ಅದರ ಅಡಿಯಲ್ಲಿ ಎರಡು ಖಾಲಿ ಗೆರೆ ಹಾಕಿಸಿದ್ದೇವೆ: ಹೇಗೆ ಬಿದ್ದರು, ಮೂಳೆ ಹೇಗಿದೆ. ಅಲ್ಲಿ ಡಾಕ್ಟರು ಕೈಯಲ್ಲೇ ಬರೆಯುತ್ತಾರೆ.