16 ಇಂಚಿನ ಕನ್ನಡಿಗೆ ಹೆಬ್ಬಾಳದ ಲೇತ್ ಅಂಗಡಿಯಲ್ಲಿ ಮಾಡಿಸಿದ ಸೆಲ್

ಮೈಸೂರಿನಲ್ಲಿ ಟೆಲಿಸ್ಕೋಪು ಕಟ್ಟುತ್ತಿರುವವರು ಇದನ್ನು ಓದಿ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ನಾನು ಮಿರರ್ ಸೆಲ್ ಮಾಡಿಸಿದೆ, ಅಂದರೆ ಕನ್ನಡಿಯನ್ನು ಹಿಂದಿನಿಂದ ಹೊತ್ತುಕೊಳ್ಳುವ ಚೌಕಟ್ಟು. ಕೆಲಸ ಚೆನ್ನಾಗಿದೆ, ಆದರೆ ಜೊತೆಗೆ ನಿಂತು ಮಾಡಿಸಬೇಕು.

ನನ್ನ ಕನ್ನಡಿ ಮನೆಯಲ್ಲೇ ಉಜ್ಜಿದ್ದು. 16 ಇಂಚು ಅಗಲ, ದಪ್ಪ ಬರೀ 25 ಮಿ.ಮೀ., ತೂಕ ಸುಮಾರು 8 ಕೆಜಿ. ತೆಳು ಗಾಜು ಬೇಗ ತಣ್ಣಗಾಗುತ್ತದೆ, ಆದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ದಪ್ಪ ಅಷ್ಟೇ ಇಟ್ಟು ಅಗಲ ಎರಡು ಪಟ್ಟು ಮಾಡಿದರೆ ಬಾಗುವುದು 16 ಪಟ್ಟು ಜಾಸ್ತಿ! ಹಸಿರು ಬೆಳಕಿನ ಅಲೆಯ ಉದ್ದ ಸುಮಾರು 550 ನ್ಯಾನೊಮೀಟರ್, ಕನ್ನಡಿಯ ಮೈ ಅದರ ಎಂಟನೇ ಒಂದು ಭಾಗ ಕೆಟ್ಟರೂ ಗ್ರಹಗಳು ಮಂಕಾಗಿ ಕಾಣತೊಡಗುತ್ತವೆ. ಹಾಗಾಗಿ 3 ಕಡೆ ಆನಿಸಿದರೆ ಸಾಲದು ಅಂತ 18 ಕಡೆ ಆನಿಸುವ ಸೆಲ್ ಆರಿಸಿಕೊಂಡೆ. 6 ತ್ರಿಕೋನ ಪ್ಲೇಟು, ಎರಡೆರಡು ಪ್ಲೇಟಿಗೆ ಒಂದು ಪಟ್ಟಿ, ಮೂರು ಪಟ್ಟಿಗೆ ಮೂರು ಬೋಲ್ಟು. ಡೇವಿಡ್ ಲೂಯಿಸ್ ಅವರ ಪ್ಲಾಪ್ ಅನ್ನುವ ಉಚಿತ ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕಿ, ನಿಜ ಅಳತೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ.

ಮೊದಲ ಸಲ ಎಲ್ಲ ನಟ್ಟನ್ನೂ ಬಿಗಿಯಾಗಿ ಕಟ್ಟಿ ಕೊಟ್ಟರು. ಪ್ಲೇಟು ಓಲಾಡಲೇಬೇಕು ಅಂದೆ. ಯಜಮಾನರು, "ಸಾರ್, ಅಲ್ಲಾಡಿದ್ರೆ ಕೆಲಸ ಸರಿಯಿಲ್ಲ ಅಂತಾರಲ್ವಾ?" ಅಂದರು. ತಕ್ಕಡಿಯ ದಂಡ ಬಿಗಿದರೆ ತೂಕ ತೋರಿಸುತ್ತದಾ ಅಂತ ಕೇಳಿದೆ. ತಕ್ಷಣ ಅವರಿಗೆ ಹೊಳೆಯಿತು. ಬಿಗಿ ನಟ್ಟು ತೆಗೆದು, ಪ್ರತಿ ಬೋಲ್ಟಿನ ತಲೆಯನ್ನು ಉರುಟು ಮಾಡಿ, ಪ್ಲೇಟು ಅದರ ಮೇಲೆ ಸುಮ್ನೆ ಕೂತು ಎಲ್ಲ ಕಡೆಗೂ ವಾಲುವ ಹಾಗೆ ಮಾಡಿದರು. ಅದು ನಾನು ಹೇಳಿಕೊಟ್ಟಿದ್ದಲ್ಲ, ಅವರದೇ ಯೋಚನೆ. ಎರಡು ಪ್ಲೇಟಿನಲ್ಲಿ ನಡುವಿನ ತೂತು 2 ಮಿ.ಮೀ. ಸರಿದಿತ್ತು. ಹಾಗಾದರೆ ಮೂರು ಮೂಲೆಗೂ ಭಾರ ಸಮ ಬೀಳುವುದಿಲ್ಲ. ತೋರಿಸಿದ ಮೇಲೆ ಮಾತಾಡದೆ ಹೊಸದಾಗಿ ಕತ್ತರಿಸಿಕೊಟ್ಟರು, ದುಡ್ಡು ಕೇಳಲಿಲ್ಲ.

ಒಂದು ವಾರ ಅಂದಿದ್ದು ನಾಲ್ಕು ವಾರ ಆಯಿತು. ನಡುವೆ ಆಯುಧಪೂಜೆ ಬಂತು ನಿಜ, ಆದರೂ ಒಂದು ಫೋನಾದರೂ ಮಾಡಬಹುದಿತ್ತು. ಒಟ್ಟು 6,500 ರೂಪಾಯಿ, ಅಲ್ಯೂಮಿನಿಯಂ ಸೇರಿ.

ಮೇಲುಕೋಟೆ ಕಡೆ ಹೋಗಿ ನೋಡಿದೆ. ಹಳೆಯ ಮರದ ಚೌಕಟ್ಟಿನಲ್ಲಿ ಫೋಕಸಿನ ಆಚೆ ಈಚೆ ನಕ್ಷತ್ರ ಒಮ್ಮೆ ಅಡ್ಡ, ಒಮ್ಮೆ ಉದ್ದ ಎಳೆದಂತೆ ಕಾಣುತ್ತಿತ್ತು. ಕನ್ನಡಿಯನ್ನು 90 ಡಿಗ್ರಿ ತಿರುಗಿಸಿ ಇಟ್ಟರೂ ಆ ಎಳೆತ ಇದ್ದಲ್ಲೇ ಇತ್ತು, ಅಂದರೆ ದೋಷ ಗಾಜಿನದಲ್ಲ, ಚೌಕಟ್ಟಿನದು. ಈ ಸೆಲ್‌ನಲ್ಲಿ ನೆತ್ತಿಯ ಮೇಲಿನ ನಕ್ಷತ್ರಗಳು ದುಂಡಗೆ ನಿಂತವು. ಎಷ್ಟು ಖುಷಿಯಾಯಿತು ಅಂದರೆ ಬೆಳಗಿನ ಜಾವದವರೆಗೂ ಅಲ್ಲೇ ಇದ್ದೆ.

ದಿಗಂತದ ಹತ್ತಿರ ಮಾತ್ರ ಇನ್ನೂ ಸ್ವಲ್ಪ ಎಳೆತ ಇದೆ. ಅಲ್ಲಿ ಭಾರವೆಲ್ಲ ಕೆಳಗಿನ ಅಂಚಿಗೆ ಬೀಳುತ್ತದೆ. ಅಂಚಿನ ಎರಡು ಗೂಟಗಳು ಗಾಜಿನ ಭಾರದ ನಡುಮಟ್ಟಕ್ಕೆ ತಾಗಬೇಕಿತ್ತು, ನಾನು ಕೊಟ್ಟ ಅಳತೆಯಲ್ಲಿ ಅವು ಮುಂದಕ್ಕೆ ಸರಿದಿವೆ. ಆ ಜಾಗಕ್ಕೆ ಎರಡು ಬೇರಿಂಗ್ ಕೂರಿಸಲು ಮುಂದಿನ ಶನಿವಾರ ಇದೇ ಅಂಗಡಿಗೆ ಹೋಗುತ್ತಿದ್ದೇನೆ.